ಮೊದಲ ಮಾತು ಸೀನ ಚಿಕ್ಕಪ್ಪನದು

ಟೊಮೆಟೊ ಹಣ್ಣಿಗೆ ಹೇಳಿಕೊಳ್ಳುವಂಥ ವಾಸನೆ ಇಲ್ಲ. ವಾಸನೆಯೆಲ್ಲ ಇರುವುದು ಅದರ ಗಿಡದಲ್ಲಿ. ತೊಟ್ಟು ಮುರಿದು ಕಾಯಿ ಕಿತ್ತರೆ ಬೆರಳಿಗೆ ಒಂದು ಹಸಿರು ಅಂಟು ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ, ಆಮೇಲೆ ಸೋಪು, ಸೀಗೆಪುಡಿ, ಒಲೆಬೂದಿ, ಮನೆದೇವರು ಯಾರು ಬಂದರೂ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಅನ್ನಕ್ಕೂ ಆ ವಾಸನೆ, ಮೊಸರಿಗೂ ಆ ವಾಸನೆ, ನನ್ನ ಹೋಂವರ್ಕ್ ಪುಸ್ತಕಕ್ಕೂ ಆ ವಾಸನೆ. ಮೇಷ್ಟ್ರು ಹೆಸರು ನೋಡದೆ ಬರೀ ಮೂಸಿಯೇ ನನಗೆ ಮಾರ್ಕ್ಸ್ ಹಾಕುತ್ತಿದ್ದರು ಅಂದರೆ ನೀವು ನಂಬಲೇಬೇಕು. ಮೊನ್ನೆ ಕೋಲಾರದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ, ತೋಟದಿಂದ ನೇರವಾಗಿ ಬಂದ ಒಬ್ಬ ಹೆಂಗಸು ನನ್ನ ಮೂಗಿನ ಮುಂದೆಯೇ ಕಂಬಿ ಹಿಡಿದು ನಿಂತಳು. ಪಕ್ಕದಲ್ಲಿ ನನ್ನ ಕ್ಲಾಸಿನ ಹುಡುಗಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಅವತ್ತು ಬೆಳಗ್ಗೆ ಬಿಡುಗಡೆಯಾಗಿದ್ದ ಆಲ್ಬಂ ಕೇಳಿ, ಅದರ ಕೆಳಗೆ ಒಂದು ಬೆಂಕಿ ಚಿತ್ರ ಒತ್ತಿ, ಫೋನು ಚೀಲಕ್ಕೆ ಹಾಕಿಕೊಂಡಳು. ಅಷ್ಟೇ. ಒಂದಿಡೀ ಆಲ್ಬಂ ಬಗ್ಗೆ ಅವಳಿಗೆ ಹೇಳುವುದಿದ್ದದ್ದು ಅಷ್ಟೇ. ಕಂಬಿಯ ಮೇಲಿನ ಆ ಕಪ್ಪು ಬೆರಳುಗಳ ವಾಸನೆ ಎಳೆದುಕೊಳ್ಳುತ್ತ, ಒಂದು ಹಾಡು ಪಾಸಾಗಬೇಕಾದರೆ ಮನೆಮಂದಿಯೆಲ್ಲ ಜಗಳವಾಡಿ ಸುಸ್ತಾಗಬೇಕಿದ್ದ ಒಂದು ಮನೆ ಇತ್ತಲ್ಲ, ಅದು ಎಲ್ಲಿ ಹೋಯಿತು ಎಂದು ಯೋಚಿಸಿದೆ. ಎಲ್ಲಿ ಹೋಯಿತೆಂದು ನನಗೆ ಚೆನ್ನಾಗಿಯೇ ಗೊತ್ತು.

ಆ ಮನೆ ಯಲ್ದೂರಿನಿಂದ ಸ್ವಲ್ಪ ಒಳಗೆ, ಮಾವಿನ ತೋಪುಗಳು ಮುಗಿದು ಟೊಮೆಟೊ ಗಿಡಕ್ಕೆ ನೆಟ್ಟ ಕೋಲುಗಳು ಶುರುವಾಗುವ ಕಡೆ ಇತ್ತು. ಮನೆ ಎಂದರೆ ಮನೆಗಿಂತ ಅದರ ಮುಂದಿನ ಶೆಡ್ಡೇ ದೊಡ್ಡದು. ನಾಲ್ಕು ನೀಲಗಿರಿ ಕಂಬ, ಮೇಲೆ ತಗಡು, ಕೆಳಗೆ ಹಾಸಿದ ಟಾರ್ಪಾಲು, ಅದರ ಮೇಲೆ ಗುಡ್ಡೆ ಹಾಕಿದ ಟೊಮೆಟೊ. ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ಎಷ್ಟು ಸೆಕೆ ಎಂದರೆ ಮೇಯಲು ಬಂದ ಕೋಳಿ ಬೇಯಿಸಿದ ಮೊಟ್ಟೆಯನ್ನೇ ಇಡುತ್ತಿತ್ತು. ಸಾಯಂಕಾಲವಾದರೆ ಗುಡ್ಡೆಯ ಸುತ್ತ ಎಲ್ಲರೂ ಕೂತು ಮಾಲು ಆರಿಸುವುದು. ನಮ್ಮ ಅವ್ವ, ಅಂದರೆ ಅಪ್ಪನ ತಾಯಿ, ನಮ್ಮ ಅಮ್ಮ, ಪುಂಗನೂರು ಕಡೆಗೆ ಮದುವೆಯಾಗಿ, ಅಲ್ಲಿ ಗಂಡನನ್ನು ಕಳೆದುಕೊಂಡು, ಅಲ್ಲಿಯ ತೆಲುಗನ್ನು ಮಾತ್ರ ಬಿಡದೆ ತವರಿಗೆ ತಂದಿದ್ದ ಸರೋಜತ್ತೆ, ಕೂಲಿಗೆ ಬರುತ್ತಿದ್ದ ಪಕ್ಕದ ಕೇರಿಯ ಹೆಂಗಸರು, ಬಾಕ್ಸು ಎತ್ತಿ ಟೆಂಪೋಗೆ ತುಂಬುವ ಬಾಬು. ಶೆಡ್ಡಿನ ಹೊರಗೆ ಕಲ್ಲುಚಪ್ಪಡಿಯ ಮೇಲೆ ತಾತ. ಟೆಂಪೋ ಕೀಲಿ ತಾತನ ಉಡಿದಾರದಲ್ಲಿ ನೇತಾಡುತ್ತಿತ್ತು, ಮನೆಯ ಅಧಿಕಾರವೆಲ್ಲ ಆ ಕೀಲಿಯಲ್ಲಿತ್ತು. ಹಾಡುಗಳ ಬಗ್ಗೆ ತಾತನಿಗೆ ಇದ್ದದ್ದು ಒಂದೇ ಅಭಿಪ್ರಾಯ: “ಸೌಂಡ್ ಕಮ್ಮಿ ಮಾಡ್ರೋ.”

ಹಾಡು ಬರುತ್ತಿದ್ದದ್ದು ಒಂದು ಕಪ್ಪು ಸ್ಪೀಕರ್ ಡಬ್ಬದಿಂದ. ನನ್ನ ಅಪ್ಪನ ತಮ್ಮ ಸೀನ ಚಿಕ್ಕಪ್ಪ ಅದನ್ನು ಕೋಲಾರದಿಂದ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದ. ಫೋನಿಗೂ ಅದಕ್ಕೂ ನಡುವೆ ತಂತಿ ಇರಲಿಲ್ಲ, ಗಾಳಿಯಲ್ಲೇ ಹಾಡು ಹಾರಿಹೋಗಿ ಡಬ್ಬಕ್ಕೆ ಇಳಿಯುತ್ತಿತ್ತು. ಅವ್ವ ಮೊದಲ ದಿನ ಅದಕ್ಕೆ ನಿಂಬೆಹಣ್ಣಿನಲ್ಲಿ ದೃಷ್ಟಿ ತೆಗೆದಳು. ಯಾವ ಸಿನಿಮಾದ ಆಲ್ಬಂ ಯಾವತ್ತು ಬಿಡುಗಡೆ ಎನ್ನುವುದು ನಮ್ಮ ಶೆಡ್ಡಿಗೆ ಏಕಾದಶಿ ಅಮಾವಾಸ್ಯೆಗಿಂತ ಚೆನ್ನಾಗಿ ಗೊತ್ತಿರುತ್ತಿತ್ತು. ಹೊಸ ಆಲ್ಬಂ ಬಂದ ಸಾಯಂಕಾಲ ಅದನ್ನು ಮೊದಲಿಂದ ಕೊನೆವರೆಗೆ, ಒಂದೂ ಹಾಡು ಬಿಡದೆ, ಮಾಲು ಆರಿಸುತ್ತ ಕೇಳಬೇಕು. ಒಂದು ಹಾಡು ಮುಗಿದ ಮೇಲೆ ಮೊದಲ ಮಾತು ಸೀನ ಚಿಕ್ಕಪ್ಪನದು. ಅವನು ಹೇಳುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಬಿಚ್ಚಿದವರಿಗೆ ಕೊಳೆತ ಮಾಲು ಆರಿಸುವ ಶಿಕ್ಷೆ. ಇದನ್ನು ಯಾರು ಯಾವಾಗ ನಿಯಮ ಮಾಡಿದರೋ ಗೊತ್ತಿಲ್ಲ. ಆದರೆ ಅವನ ಕಿವಿ ಅಂಥದ್ದಾಗಿತ್ತು. ಹಾಡು ಮುಗಿದು ನಾವಿನ್ನೂ ತಲೆ ತೂಗುತ್ತಿರುವಾಗಲೇ “ಇದು ಸಂಕ್ರಾಂತಿವರೆಗೂ ಬಾಳಲ್ಲ” ಎಂದುಬಿಡುತ್ತಿದ್ದ. ಸಂಕ್ರಾಂತಿಗೆ ದನ ಕಿಚ್ಚು ಹಾಯಿಸುವ ಹುಡುಗರ ಬಾಯಲ್ಲೂ ಆ ಹಾಡು ಇರುತ್ತಿರಲಿಲ್ಲ.

ಅವನು ತೀರ್ಪು ಕೊಡುತ್ತಿದ್ದದ್ದೂ ಮಾಲಿನ ಲೆಕ್ಕದಲ್ಲೇ. ಟೊಮೆಟೊ ಬೆಳೆಯದವರಿಗೆ ಹೇಳಬೇಕು: ಕೆಂಪಗೆ ಕಣ್ಣು ಕುಕ್ಕುವ ಹಣ್ಣು ಮಂಡಿಯಲ್ಲಿ ಒಳ್ಳೆಯ ಮಾಲಲ್ಲ. ಅದು ಇವತ್ತಿಗೆ ರುಚಿ, ನಾಳೆಗೆ ನೊಣ. ಒಳ್ಳೆಯ ಮಾಲು ಎಂದರೆ ದೋರಗಾಯಿ, ತುದಿಯಲ್ಲಿ ಮಾತ್ರ ಬಣ್ಣ ತಿರುಗಿ ಒಳಗೆ ಗಟ್ಟಿ ಇರುವುದು; ಲಾರಿಯಲ್ಲಿ ದಿಲ್ಲಿ ಸೇರುವಷ್ಟರಲ್ಲಿ ಹದವಾಗಿ ಹಣ್ಣಾಗುವುದು. ಹಸಿ ಕಾಯಿ ಸ್ವಲ್ಪ ಕಾಯಬೇಕು. ಒಡೆದದ್ದು, ಚುಕ್ಕೆ ಬಿದ್ದದ್ದು ಸಾಸ್ ಮಾಡುವವರಿಗೆ. ಹಾಗಾಗಿ ನಾಯಕ ಊರಿಗೆ ಬರುವ ಹಾಡು, ತಮಟೆಗಳೆಲ್ಲ ಒಟ್ಟಿಗೆ ಒಡೆದುಹೋಗುವಂತೆ ಬಾರಿಸಿ ಮುಗಿದರೆ ಚಿಕ್ಕಪ್ಪ ಒಂದು ಒಡೆದ ಟೊಮೆಟೊ ಎತ್ತಿ ತೋರಿಸಿ, “ಸಾಸ್‌ಗೆ ಹೋಗ್ಲಿ” ಅನ್ನುತ್ತಿದ್ದ. ಹುಡುಗಿ ನೆನಪಲ್ಲಿ ಅಳುವ ಹಾಡಿಗೆ, “ಹಣ್ಣು. ಇವತ್ತೇ ತಿಂದ್ಬಿಡಿ.” ಎಲ್ಲೋ ಅಪರೂಪಕ್ಕೆ ಒಂದಕ್ಕೆ ಮಾತ್ರ ತಡೆದು, ಕೆಳಗೆ ನೋಡಿ, “ದೋರಗಾಯಿ ಕಣ್ರೋ ಇದು” ಅನ್ನುತ್ತಿದ್ದ. ಆಗ ಶೆಡ್ಡಿನಲ್ಲಿ ಯುದ್ಧ ಶುರು.

“ದೋರಗಾಯಿ ಅಂತೆ! ಕನ್ನಡದಲ್ಲಿ ಹಾಡಿದ್ದಕ್ಕಲ್ವೇನೋ ನಿಂಗೆ ದೋರಗಾಯಿ?” ಸರೋಜತ್ತೆಯ ಗಂಟಲು ಎದ್ದರೆ ಪುಂಗನೂರಿನ ನಾಯಿಗಳು ಎದ್ದು ಕೂರುತ್ತಿದ್ದವು. “ಇದೇ ಟ್ಯೂನ್ ತೆಲುಗಲ್ಲಿ ಕೇಳು. ಏಮಿ ಪಾಟರಾ ನಾಯನಾ, ಎಂಥಾ ಹಾಡು! ಎದೆ ಕರಗೋಗುತ್ತೆ.”

“ಅಕ್ಕ, ಟ್ಯೂನ್ ಒಂದೇ ಆದ್ಮೇಲೆ ಎದೆ ಯಾಕ್ ಭಾಷೆ ನೋಡಿ ಕರಗುತ್ತೆ?”

“ನಿಂಗೆ ಎದೆ ಇದ್ರೆ ತಾನೆ.”

“ನಿಮ್ದು ಇಬ್ಬರ್ದೂ ಬಿಡಿ ಸೀನಣ್ಣ,” ಬಾಬು ಬಾಕ್ಸಿನ ಹಿಂದಿನಿಂದ ತಲೆ ಎತ್ತುತ್ತಿದ್ದ. “ಇದು ಹಿಂದೀಲಿ ಹೋದ್ವರ್ಷಾನೇ ಬಂದೋಗಿದೆ. ಹಳೇ ಮಾಲು. ತೊಳ್ದು ಮತ್ತೆ ಬಾಕ್ಸಿಗ್ ಹಾಕವ್ರೆ.”

ನಾನಾಗ ನಾಲ್ಕನೆಯ ಕ್ಲಾಸು. ಮನೆಯಲ್ಲಿ ಎಲ್ಲರೂ ಬುಜ್ಜಿ ಎನ್ನುತ್ತಿದ್ದರು. ನನ್ನ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲವಾದ್ದರಿಂದ ನಾನು ಅದನ್ನು ಬಾಕ್ಸಿನ ಮೇಲೆ ಹತ್ತಿ ನಿಂತು ಹೇಳುತ್ತಿದ್ದೆ. ಒಮ್ಮೆ ಯಾರೂ ತಿರುಗಿ ನೋಡಲಿಲ್ಲವೆಂದು ಅಲ್ಲಿಂದಲೇ ಹಾಡಿನ ಕುಣಿತವನ್ನೂ ಕುಣಿದು ತೋರಿಸಿ ಗುಡ್ಡೆಯ ಮೇಲೆ ಬಿದ್ದೆ. ಅವತ್ತು ಸಾಸ್ ಮಾಡುವವರಿಗೆ ನಮ್ಮ ಮನೆಯಿಂದ ಹೋದಷ್ಟು ಮಾಲು ಇಡೀ ಶ್ರೀನಿವಾಸಪುರ ತಾಲ್ಲೂಕಿನಿಂದ ಹೋಗಿರಲಿಕ್ಕಿಲ್ಲ.

ಸೀನ ಚಿಕ್ಕಪ್ಪನ ಕಿವಿ ಹೋಗುತ್ತಿದೆ ಎಂದು ಮನೆಯಲ್ಲಿ ಮೊದಲು ತಿಳಿದದ್ದು ನನಗೆ. ಅವನು ತೋಟಕ್ಕೆ ಬರುವ ಮುಂಚೆ ಕೆಲವು ವರ್ಷ ಕಲ್ಲುಕ್ವಾರಿಯಲ್ಲಿದ್ದ. ಬಂಡೆಗೆ ಕುಳಿ ಕೊರೆಯುವ ಯಂತ್ರ ಹಿಡಿಯುವ ಕೆಲಸ. ಕಿವಿಗೆ ಹತ್ತಿ ಇಟ್ಟುಕೊಂಡರೆ ಜೊತೆಯವರು ನಗುತ್ತಾರೆಂದು ಇಟ್ಟುಕೊಂಡಿರಲಿಲ್ಲವಂತೆ. ಕರೆದರೆ ತಿರುಗದಿರುವುದು, ಕೇಳಿದ್ದಕ್ಕೆ ಸುಮ್ಮನೆ ನಗುವುದು ಇವನ್ನೆಲ್ಲ ಮನೆಯವರು ಗರ್ವ ಎಂದುಕೊಂಡಿದ್ದರು. ನಾನು ಮಾತ್ರ ಒಂದು ಮಧ್ಯಾಹ್ನ ಅವನ ಬೆನ್ನ ಹಿಂದೆ ನಿಂತು, “ಚಿಕ್ಕಪ್ಪ, ನಿನ್ ಕಾಲರ್ ಮೇಲೆ ಚೇಳು” ಎಂದೆ. ಅವನು ಬಾಕ್ಸಿಗೆ ಹಗ್ಗ ಬಿಗಿಯುತ್ತಲೇ ಇದ್ದ. “ಚೇಳು, ಪಕ್ಕದಲ್ಲಿ ಅದರ ಹೆಂಡ್ತಿ, ಮಕ್ಳು, ಬೀಗರು” ಎಂದೆ. ಹಗ್ಗ ಬಿಗಿಯುತ್ತಲೇ ಇದ್ದ. ನಾನು ಮುಂದೆ ಬಂದು ನಿಂತು ಅವನ ಮುಖವನ್ನೇ ನೋಡಿದೆ. ಅವನಿಗೆ ಅರ್ಥವಾಯಿತು. ಹಗ್ಗ ಕೈಬಿಟ್ಟು, ಶೆಡ್ಡಿನ ಕಡೆ ಒಂದು ಸಲ ಕಣ್ಣಾಡಿಸಿ ಕುಕ್ಕರಗಾಲಲ್ಲಿ ಕೂತ.

“ಯಾರ್ಗೂ ಹೇಳ್ಬೇಡ ಬುಜ್ಜಿ. ಹೇಳಿದ್ರೆ ನಾಳೆಯಿಂದ ನಾನು ಸೀನ ಅಲ್ಲ, ಕಿವುಡ ಸೀನ. ತಾತ ಕೀಲಿ ಕೊಡಲ್ಲ. ಇಲ್ ಕೂತು ಹಾಡ್ ಬಗ್ಗೆ ಒಂದ್ ಮಾತಾಡಿದ್ರೆ ಅಲ್ಲಿ ಬಾಬು ನಗ್ತಾನೆ.”

ನಮ್ಮೂರಿನಲ್ಲಿ ಅದು ಸುಳ್ಳಲ್ಲ. ದೇಹದಲ್ಲಿ ಏನು ಕೆಟ್ಟರೂ ಊರು ಅದನ್ನು ಹೆಸರಿನ ಮುಂದೆ ಕಟ್ಟುತ್ತದೆ. ಕುಂಟ ರಾಮಪ್ಪನ ಮೊಮ್ಮಕ್ಕಳು ಓಟದಲ್ಲಿ ಗೆದ್ದು ಕಪ್ ತಂದರೂ ಅವರು ಕುಂಟ ರಾಮಪ್ಪನವರೇ. ನಾನು ಚಿಕ್ಕಪ್ಪ ಕೊಡಿಸಿದ ಐಸ್‌ಕ್ರೀಮ್‌ಗೆ ಬಾಯಿ ಮುಚ್ಚಿಕೊಂಡೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ, ಕೋನ್ ಐಸ್‌ಕ್ರೀಮ್ ತಿಂದದ್ದೂ ನಿಜ. ಆದರೆ ಅವನು ಕೊಡಿಸದಿದ್ದರೂ ಹೇಳುತ್ತಿರಲಿಲ್ಲ. ಅವನು ಆ ಮಾತು ಹೇಳುವಾಗ ದೊಡ್ಡವರು ಯಾರೂ ನನ್ನನ್ನು ಅದುವರೆಗೂ ನೋಡದ ಹಾಗೆ ನೋಡಿದ್ದ.

ಆದರೆ ನನಗೆ ತಲೆಕೆಟ್ಟದ್ದು ಬೇರೆ ವಿಷಯಕ್ಕೆ. ಕಿವಿ ಕೇಳದವನು ಹಾಡಿಗೆ ತೀರ್ಪು ಹೇಗೆ ಕೊಡುತ್ತಾನೆ? ಅದೂ ಮುಂಚಿಗಿಂತ ಸರಿಯಾಗಿ? ಅಲ್ಲಿಂದ ನಾನು ಹಾಡು ಕೇಳುವುದು ಬಿಟ್ಟು ಅವನನ್ನು ನೋಡುತ್ತ ಕೂತೆ. ಅವನು ಬೋರಲು ಹಾಕಿದ ಬಾಕ್ಸಿನ ಮೇಲೆ, ಸ್ಪೀಕರ್ ಪಕ್ಕದಲ್ಲೇ, ಅದರ ಅದುರು ನಿಂತರೆ ಹಾಡು ಮುಗಿಯಿತೆಂದು ಮೈಗೆ ತಿಳಿಯುವಷ್ಟು ಹತ್ತಿರ, ಎಲ್ಲರಿಗೂ ಎದುರಾಗಿ ಕೂರುತ್ತಿದ್ದ. ಹಾಡು ನಡೆಯುವಾಗ ಕಣ್ಣು ಮಾತ್ರ ಯಾರ ಮುಖದ ಮೇಲೂ ಇರುತ್ತಿರಲಿಲ್ಲ. ಆರಿಸುವ ಕೈಗಳ ಮೇಲಿರುತ್ತಿತ್ತು. ಹಾಡು ಬೇಸರವಾದರೆ ಕೈಗಳು ಬೇಗ ಓಡುತ್ತವೆ, ಟೊಮೆಟೊ ಬಾಕ್ಸಿಗೆ ದಬದಬ ಬೀಳುತ್ತದೆ, ಪಕ್ಕದವಳ ಜೊತೆ ಮಾತು ಶುರುವಾಗುತ್ತದೆ. ಹಾಡು ಹಿಡಿಸಿದರೆ ಕೈಗಳೆಲ್ಲ ಅದರ ತಾಳಕ್ಕೆ ಏಳುತ್ತವೆ, ಇಳಿಯುತ್ತವೆ. ಇನ್ನೂ ಒಳಗೆ ಇಳಿದರೆ ಸರೋಜತ್ತೆ ಕೈಗೆ ಬಂದ ಟೊಮೆಟೊವನ್ನು ಯಾವ ಬಾಕ್ಸಿಗೂ ಹಾಕದೆ ಸುಮ್ಮನೆ ತಿರುಗಿಸುತ್ತ ಇರುತ್ತಾಳೆ. ಅಮ್ಮ ಹಸಿಕಾಯಿಯನ್ನು ಹಣ್ಣಿನ ಬಾಕ್ಸಿಗೆ ಹಾಕುತ್ತಾಳೆ. ಚಿಕ್ಕಪ್ಪ ಅವನ್ನೆಲ್ಲ ಓದುತ್ತಿದ್ದ. ಬಾಯಿ ಪಕ್ಷ ಕಟ್ಟುತ್ತದೆ. ತೆಲುಗಿನವರು ತೆಲುಗೆನ್ನುತ್ತಾರೆ, ಕನ್ನಡದವರು ಕನ್ನಡವೆನ್ನುತ್ತಾರೆ. ಕೈಗೆ ಪಕ್ಷ ಗೊತ್ತಿಲ್ಲ. ಅದಕ್ಕೇ ಅವನ ತೀರ್ಪು ಮುಂಚಿಗಿಂತ ಸರಿಯಾಗಿತ್ತು. ಒಂದು ಸಲ ಸರೋಜತ್ತೆ ತನ್ನ ಮೆಚ್ಚಿನ ತೆಲುಗು ಹೀರೋನ ಹಾಡೊಂದನ್ನು ಆಕಾಶಕ್ಕೆ ಏರಿಸುತ್ತಿದ್ದಾಗ ಅವನು ಬಾಯಿ ತಪ್ಪಿ, “ಸುಳ್ ಹೇಳ್ಬೇಡಕ್ಕ, ನಿನ್ ಕೈ ಹಂಗ್ ಹೇಳ್ಲಿಲ್ಲ” ಎಂದುಬಿಟ್ಟ. ಸರೋಜತ್ತೆ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡು, “ಇವ್ನಿಗೆ ಶಾಸ್ತ್ರ ಬೇರೆ ಬರುತ್ತೆ” ಎಂದು ನಕ್ಕಳು. ಎಲ್ಲರೂ ನಕ್ಕರು. ಅವನೂ ಎಲ್ಲರೂ ನಕ್ಕ ಮೇಲೆ, ಒಂದು ಉಸಿರು ತಡವಾಗಿ ನಕ್ಕ.

ಈ ವಿದ್ಯೆ ನಾನು ಕಂಡುಹಿಡಿದೆನೆಂದು ಗೊತ್ತಾದಾಗ ಅವನಿಗೆ ಖುಷಿಯೇ ಆಯಿತು. ಒಬ್ಬರಿಗಾದರೂ ಹೇಳಿಕೊಳ್ಳಬೇಕೆಂದು ಅವನಿಗೂ ಇದ್ದಿರಬೇಕು. ಯಾರ ಕೈ ಹೇಗೆ ಎಂದು ನನಗೆ ಪಾಠ ಮಾಡಿದ. ಅಮ್ಮನ ಕೈ ಮೆತ್ತಗೆ, ಕೆಟ್ಟ ಹಾಡಿಗೂ ಕರುಣೆ ತೋರಿಸುತ್ತದೆ. ಬಾಬುವಿನದು ನಂಬಬಾರದು, ಅವನು ತಲೆಯಲ್ಲಿ ಬೇರೆಯೇ ಹಾಡು ಹಾಡಿಕೊಳ್ಳುತ್ತಿರುತ್ತಾನೆ. ಅವ್ವನದಂತೂ ಕಲ್ಲು. ಹಾಡಿರಲಿ, ಗುಡುಗಿರಲಿ, ಅವ್ವನ ಕೈ ಒಂದೇ ಹದದಲ್ಲಿ ಎತ್ತುತ್ತದೆ, ಒರೆಸುತ್ತದೆ, ಹಾಕುತ್ತದೆ. ಅವಳಿಗೆ ಹಾಡು ಎಂದರೆ ಮಾಲಿನ ಮೇಲೆ ಕೂರುವ ನೊಣದಷ್ಟೇ.

“ಅವ್ವನ ಕೈ ನಿಲ್ಸೋ ಹಾಡು ಇನ್ನೂ ಹುಟ್ಟಿಲ್ಲ ಬುಜ್ಜಿ. ಹುಟ್ಟಿದ್ ದಿನ ನೋಡು, ಅದೇ ಹಾಡು. ಆಮೇಲೆ ಯಾವ್ದೂ ಬೇಡ.”

ತಾತನಿಗೆ ಗೊತ್ತಿತ್ತೇ ಎಂದು ಈಗ ಯೋಚಿಸುತ್ತೇನೆ. ದಿನಾ ಹೊತ್ತು ಮುಳುಗುವಾಗ ಚಿಕ್ಕಪ್ಪ ಚಪ್ಪಡಿಯ ಮುಂದೆ ನಿಂತು ಕೀಲಿಗೆ ಕೈಚಾಚುತ್ತಿದ್ದ. ತಾತ ಉಡಿದಾರದಿಂದ ಬಿಚ್ಚಿ ಕೊಡುತ್ತ “ನಿಧಾನ ಕಣೋ ಸೀನ” ಅನ್ನುತ್ತಿದ್ದರು. ಅವನು “ಆಯ್ತಪ್ಪ” ಅನ್ನುತ್ತಿದ್ದ. ಎಷ್ಟೋ ದಿನದಿಂದ ಅವನು ಆ ಮಾತು ಕೇಳುತ್ತಿರಲಿಲ್ಲ, ತುಟಿ ಅಲ್ಲಾಡಿದ್ದು ನೋಡಿ ಉತ್ತರ ಕೊಡುತ್ತಿದ್ದ. ಆ ವರ್ಷ ಯಾವಾಗಲೋ ತಾತ ಮಾತು ಬಿಟ್ಟು, ಬರೀ ಅಂಗೈಯನ್ನು ಎರಡು ಸಲ ಕೆಳಕ್ಕೆ ಒತ್ತಿ ತೋರಿಸಲು ಶುರುಮಾಡಿದರು. ಕೀಲಿಯನ್ನು ಮಾತ್ರ ಯಾವತ್ತೂ ಕೊಡದೆ ಇರಲಿಲ್ಲ.

ಆ ಬೇಸಿಗೆಯ ಕೊನೆಗೆ ಒಂದು ದೊಡ್ಡ ಸಿನಿಮಾದ ಆಲ್ಬಂ ಬರುವುದಿತ್ತು. ಕನ್ನಡ ತೆಲುಗು ಎರಡರಲ್ಲೂ ಒಂದೇ ದಿನ. ನಮ್ಮ ಶೆಡ್ಡಿನಲ್ಲಿ ಒಂದು ವಾರದಿಂದ ಅದೇ ಮಾತು. ಯಾವುದು ಮೊದಲು ಹಾಕಬೇಕೆಂದು ಸರೋಜತ್ತೆ ಮತ್ತು ಚಿಕ್ಕಪ್ಪನ ನಡುವೆ ನಡೆದ ಮಾತುಕತೆಗೆ ಗಡಿಯಲ್ಲಿ ಪೊಲೀಸರನ್ನು ಹಾಕಬೇಕಿತ್ತು. ಆಲ್ಬಂ ಬಂದ ದಿನವೇ ಬೆಳಗ್ಗೆ ತಾತನಿಗೆ ಎದೆ ಉರಿ ಬಂತು. ಅವ್ವ ಜೀರಿಗೆ ಕಷಾಯ ಕೊಟ್ಟಳು. ಎಲ್ಲರೂ ಗ್ಯಾಸು ಎಂದರು. ನಮ್ಮ ಕಡೆ ಎದೆಯಲ್ಲಿ ಏನೇ ಆದರೂ ಮೊದಲು ಗ್ಯಾಸೇ. ಆದರೂ ಬೆವರು ನಿಲ್ಲದ್ದಕ್ಕೆ ಅಪ್ಪ ಅವರನ್ನು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದ. ತಾತ ಕಾರು ಹತ್ತುವಾಗ ಉಡಿದಾರದ ಕೀಲಿ ಬಿಚ್ಚಿ ಚಿಕ್ಕಪ್ಪನ ಕೈಗೆ ಕೊಟ್ಟು, ಅಂಗೈ ಎರಡು ಸಲ ಒತ್ತಿ ತೋರಿಸಿದರು. ಮಧ್ಯಾಹ್ನ ಅಪ್ಪನ ಫೋನು ಬಂತು: ಇಂಜೆಕ್ಷನ್ ಕೊಟ್ಟಿದ್ದಾರೆ, ಮಲಗಿದ್ದಾರೆ, ಗಾಬರಿ ಏನಿಲ್ಲ, ನಾಳೆ ಬಿಡುತ್ತಾರೆ. ಮನೆ ಉಸಿರುಬಿಟ್ಟಿತು. ಹೊತ್ತು ಇಳಿದ ಮೇಲೆ ಹಾಡು ಹಾಕೋದೋ ಬೇಡವೋ ಎಂದು ಅಮ್ಮ ಅನುಮಾನಿಸುತ್ತ ನಿಂತಾಗ ಅವ್ವನೇ ಅಂದಳು, “ಹಾಕ್ಕೊಳ್ಳಿ ಹಾಕ್ಕೊಳ್ಳಿ. ಮುಖ ಬಿಗ್ಕೊಂಡ್ ಕೂತ್ರೆ ಮಾಲು ಆರ್ಸೋಕೆ ನಿಮ್ ತಾತ ಎದ್ ಬರ್ತಾರಾ?”

ಹಾಡು ಹಾಕಿದ್ದು ಸರೋಜತ್ತೆಯ ಫೋನಿನಿಂದ. ಬೇರೆಯವರ ಫೋನು ಕೊಟ್ಟರೆ ಚಿಕ್ಕಪ್ಪ ಕನ್ನಡದ್ದು ಹಾಕಿಬಿಡುತ್ತಾನೆಂದು ಅವಳ ಹಟ. ಕೊನೆಗೂ ತೆಲುಗೇ ಮೊದಲು ಎಂದಾಯಿತು. ತಾತ ಆಸ್ಪತ್ರೆಯಲ್ಲಿರುವಾಗ ಜಗಳ ಬೇಡವೆಂದು ಚಿಕ್ಕಪ್ಪ ಸೋತುಕೊಟ್ಟ. ಮೊದಲ ಹಾಡು ಮುಗಿಯಿತು. ಕೈಗಳು ದಬದಬ ಓಡಿದ್ದವು. “ಸಾಸ್‌ಗೆ,” ಎಂದ. ಸರೋಜತ್ತೆ ಅವನ ಮೇಲೆ ಒಂದು ಕೊಳೆತದ್ದನ್ನು ಎಸೆದಳು. ಎರಡನೆಯದು ತಾಯಿ ಮಗನ ಹಾಡು. ಕೂಲಿಯ ಹೆಂಗಸರಲ್ಲಿ ಒಬ್ಬಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಹಣ್ಣು. ಬೇಗ ತಿನ್ನಿ,” ಎಂದ. ಮೂರನೆಯದು ಯಾವ ಗದ್ದಲವೂ ಇಲ್ಲದೆ ಬರೀ ಒಂದು ಕೊಳಲಿನಿಂದ ಎದ್ದಿತು. ಅದರ ಹಿಂದೆಯೇ ಒಂದು ಹೆಂಗಸಿನ ದನಿ, ಯಾರನ್ನೋ ಊಟಕ್ಕೆ ಕರೆಯುವಂಥ ಸಾದಾ ದನಿ. ಗುಡ್ಡೆಯ ಸುತ್ತ ಕೈಗಳು ನಿಧಾನವಾದವು. ಚಿಕ್ಕಪ್ಪ ಅವ್ವನ ಕೈಯ ಮೇಲೇ ಕಣ್ಣು ನೆಟ್ಟು ಬಾಕ್ಸಿನ ಮೇಲೆ ಮುಂದಕ್ಕೆ ಬಾಗಿದ್ದನ್ನು ನಾನು ನೋಡಿದೆ.

ಆಗ ಹಾಡು ನಿಂತು, ಡಬ್ಬದಲ್ಲಿ ಫೋನು ರಿಂಗಾಯಿತು. ಸರೋಜತ್ತೆ ಅಂಟು ಕೈಯಲ್ಲೇ ಫೋನಿನ ಹಸಿರು ಗುಂಡಿ ಎಳೆದು ಕಿವಿಗಿಟ್ಟಳು. ಆದರೆ ಅಪ್ಪನ ಮಾತು ಅವಳ ಕಿವಿಗೆ ಬರಲಿಲ್ಲ. ಹಾಡು ಬರುತ್ತಿದ್ದ ಡಬ್ಬಕ್ಕೇ ಬಂತು, ಹಾಡಿಗೆ ಇಟ್ಟಿದ್ದ ಅಷ್ಟೂ ಸದ್ದಿನಲ್ಲಿ, ಇಡೀ ಶೆಡ್ಡಿಗೆ.

“ಸರೋಜಾ... ಅಪ್ಪ ಹೋಗ್ಬಿಟ್ರಮ್ಮ. ಈಗ... ಈಗ್ಲೇ. ಅವ್ವಂಗೆ ಹೇಳ್ಬೇಡ, ನಾನ್ ಬರ್ತೀನಿ.”

ಕೈಗಳೆಲ್ಲ ನಿಂತವು. ಅಮ್ಮನದು, ಸರೋಜತ್ತೆಯದು, ಕೂಲಿಯವರದು. ಬಾಬು ಎತ್ತಿದ ಬಾಕ್ಸು ಎದೆಯ ಹತ್ತಿರವೇ ನಿಂತಿತು. ಎತ್ತುವ, ಒರೆಸುವ, ಹಾಕುವ ಅವ್ವನ ಕೈ, ಒಂದು ಟೊಮೆಟೊವನ್ನು ಎತ್ತಿ, ಒರೆಸಿ, ಹಾಕಲಿಲ್ಲ. ಗಾಳಿಯಲ್ಲಿ ಹಾಗೇ ಉಳಿಯಿತು.

ಸೀನ ಚಿಕ್ಕಪ್ಪ ಬಾಕ್ಸಿನಿಂದ ಚಂಗನೆ ಎದ್ದ.

“ಅಬ್ಬಬ್ಬಬ್ಬಾ!” ಎಂದ. ಅವನ ಮುಖ ದೀಪ ಹಚ್ಚಿದ ಹಾಗಿತ್ತು. “ದೋರಗಾಯಿ ಲೇ! ಇದು ದಿಲ್ಲಿಗಲ್ಲ, ಲಂಡನ್ನಿಗೆ ಹೋಗೋ ಮಾಲು! ಅವ್ವನ ಕೈಯೇ ನಿಂತೋಯ್ತಲ್ರೋ! ಅಕ್ಕ, ನೀನ್ ಗೆದ್ದೆ, ಒಪ್ಕೊಂಡೆ, ತೆಲುಗೇ ಗೆದ್ದಿದ್ದು! ಇನ್ನೊಂದ್ ಸಲ ಹಾಕು, ಮೊದ್ಲಿಂದ ಹಾಕು!”

ಯಾರೂ ಅಲುಗಾಡಲಿಲ್ಲ. ಅವನು ಒಬ್ಬೊಬ್ಬರ ಕೈಯನ್ನೂ ನೋಡುತ್ತ ನಗುತ್ತಿದ್ದ. ಆಮೇಲೆ ನಿಧಾನವಾಗಿ ಕೈಗಳಿಂದ ಕಣ್ಣೆತ್ತಿ ಮುಖಗಳನ್ನು ನೋಡಿದ. ಆ ಹೊತ್ತಿಗೆ ಅಪ್ಪ ಫೋನು ಇಟ್ಟಿದ್ದ. ಆ ಡಬ್ಬಕ್ಕೆ ಮಾತು ಮುಗಿದರೆ ಹಾಡು ತಾನಾಗಿಯೇ ಮುಂದುವರಿಸುವ ಗುಣ. ಕೊಳಲು ನಿಂತಲ್ಲಿಂದಲೇ ಎದ್ದಿತು. ಊಟಕ್ಕೆ ಕರೆಯುವಂಥ ಆ ದನಿ ಮತ್ತೆ ಕರೆಯಲು ಶುರುಮಾಡಿತು. ಅವ್ವ ಎದ್ದಳು, ಗುಡ್ಡೆ ದಾಟಿ ಟೊಮೆಟೊಗಳ ಮೇಲೆಯೇ ಕಾಲಿಟ್ಟುಕೊಂಡು ಮಗನ ಮುಂದೆ ಬಂದು ನಿಂತಳು. ಅವನು ತನ್ನನ್ನೇ ನೋಡುವವರೆಗೆ ಕಾದು, ಆ ಕಪ್ಪು ಅಂಟಿನ ಕೈಯ ಹಿಂಬದಿಯಿಂದ ತನ್ನ ಹಣೆಯ ಕುಂಕುಮ ಒರೆಸಿಕೊಂಡಳು.

ಬಾಬು ಡಬ್ಬದ ಸದ್ದು ನಿಲ್ಲಿಸುವುದು ಹೇಗೆಂದು ತಿಳಿಯದೆ ಅದರ ಮೇಲೆ ಒಂದು ಗೋಣಿಚೀಲ ಹೊದಿಸಿದ. ಆಲ್ಬಂ ಒಳಗೇ ಕೊನೆಯವರೆಗೂ ನಡೆಯಿತು.

ನಾನು ಮಾತನ್ನು ಹಿಗ್ಗಿಸುವವಳೆಂದು ನನಗೆ ಕಾಲೇಜಿನಲ್ಲೂ ಹೆಸರಿದೆ. ಇದೊಂದನ್ನು ನಾನು ಹಿಗ್ಗಿಸಿಲ್ಲ. ಆ ಕೆಲಸವನ್ನು ಊರೇ ಮಾಡಿತು. ತಾತನ ಹನ್ನೊಂದನೆಯ ದಿನಕ್ಕೆ ತಾಯಲೂರಿನಿಂದ ಬಂದ ನೆಂಟರು ಬಾಗಿಲಲ್ಲೇ ಚಿಕ್ಕಪ್ಪನನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು ಪಿಸುಗುಟ್ಟಿದರು: ಇವನೇ, ಅಪ್ಪ ಸತ್ತ ಸುದ್ದಿ ಕೇಳಿ ಇನ್ನೊಂದು ಸಲ ಹಾಕು ಅಂದವನು. ಆ ಸುದ್ದಿ ಬೈರಕೂರಿಗೆ ಹೋಗುವಷ್ಟರಲ್ಲಿ ಅವನು ಕುಣಿದಿದ್ದ, ಮುಳಬಾಗಿಲು ದಾಟುವಷ್ಟರಲ್ಲಿ ಶಿಳ್ಳೆ ಹೊಡೆದು ಟೊಮೆಟೊ ತೂರಿದ್ದ. ಅವನು ಹೆದರುತ್ತಿದ್ದ ಹೆಸರನ್ನು ಊರು ಇಡಲೇ ಇಲ್ಲ. ಅದಕ್ಕಿಂತ ಕೆಟ್ಟದ್ದೊಂದು ಸಿಕ್ಕಿತು, ‘ಇನ್ನೊಂದ್ಸಲ ಸೀನ’. ಅವನು ರಸ್ತೆಯಲ್ಲಿ ಹೋದರೆ ಹುಡುಗರು ಬೆನ್ನ ಹಿಂದೆ ಅದನ್ನೇ ಕೂಗುತ್ತಿದ್ದರು. ಅವನಿಗೆ ಕೇಳುವುದಿಲ್ಲವಲ್ಲ ಎನ್ನುವ ಧೈರ್ಯ. ನನಗೆ ಕೇಳುತ್ತಿತ್ತು.

ಅಪ್ಪ ಕೆಟ್ಟವನಲ್ಲ. ತಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿದ. ನರ ಒಣಗಿದೆ, ತಿರುಗಿ ಬರುವುದಿಲ್ಲ ಎಂದರಂತೆ. ಕಿವಿಗೆ ಮಿಷಿನ್ ಹಾಕಿಸಿದ. ಅದರಲ್ಲಿ ಮಾತು ಅಷ್ಟಿಷ್ಟು ಸಿಗುತ್ತಿತ್ತು, ಹಾಡು ಮಾತ್ರ ತಗಡಿನ ಡಬ್ಬದಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗಿದೆ ಎಂದು ಚಿಕ್ಕಪ್ಪ ನನಗೊಬ್ಬಳಿಗೇ ಹೇಳಿದ. ಟೆಂಪೋ ಕೀಲಿ ಅಪ್ಪನ ಜೇಬಿಗೆ ಹೋಯಿತು. ಕೇಳಿದಾಗ “ನಿನ್ ಒಳ್ಳೇದಕ್ಕೇ ಕಣೋ” ಎಂದ; ಚಿಕ್ಕಪ್ಪ ಎರಡನೆಯ ಸಲ ಕೇಳಲಿಲ್ಲ. ಮುಂದಿನ ಸುಗ್ಗಿಗೆ ಶೆಡ್ಡಿನಲ್ಲಿ ಮಾಲು ಬಿತ್ತು, ಹೆಂಗಸರು ಬಂದರು, ಹಾಡು ಯಾರೂ ಹಾಕಲಿಲ್ಲ. ಒಂದು ಸಾಯಂಕಾಲ ಕೂಲಿಗೆ ಹೊಸದಾಗಿ ಬಂದವಳೊಬ್ಬಳು ತನ್ನ ಫೋನಿನಲ್ಲಿ ಸಣ್ಣಗೆ ಒಂದು ಹೊಸ ಹಾಡು ಹಚ್ಚಿದಳು. ಚಿಕ್ಕಪ್ಪ ಎದುರಿಗೇ ಕೂತಿದ್ದ. ಎಲ್ಲರ ಕೈಗೂ ಏನಾಯಿತೋ, ಅವು ಅವನ ಕಣ್ಣಿಗೆ ಸಿಗಬಾರದೆಂದು ಸೆರಗಿನೊಳಗೆ, ಬಾಕ್ಸಿನ ಹಿಂದೆ ಸರಿದುಕೊಂಡವು. ಯಾರಿಗೂ ಅವನನ್ನು ನೋಯಿಸುವ ಮನಸ್ಸಿರಲಿಲ್ಲ. ಅವನು ಎದ್ದು ಹೊರಗೆ ಹೋಗಿ, ತಾತ ಕೂರುತ್ತಿದ್ದ ಚಪ್ಪಡಿಯ ಮೇಲಲ್ಲ, ಅದರ ಪಕ್ಕದ ನೆಲದ ಮೇಲೆ ಕೂತ. ಆಮೇಲೆ ಅವನು ಆ ಶೆಡ್ಡಿನಲ್ಲಿ ಕೂತದ್ದನ್ನು ನಾನು ನೋಡಿಲ್ಲ.

ಅವ್ವ ಮರುವರ್ಷ ತಾತನ ಹಿಂದೆ ಹೋದಳು. ಸರೋಜತ್ತೆ ಪುಂಗನೂರಿನ ಮೈದುನನ ಮಕ್ಕಳ ಹತ್ತಿರ ಹೋಗಿ ಅಲ್ಲೇ ಉಳಿದಳು; ಈಗ ಫೋನು ಮಾಡಿದರೆ ಮಂಡಿನೋವಿನ ಮಾತೇ ಹೊರತು ಒಂದು ಹಾಡಿನ ಹೆಸರು ಅವಳ ಬಾಯಲ್ಲಿ ಬರುವುದಿಲ್ಲ. ಅಪ್ಪ ತೋಟವನ್ನು ಗುತ್ತಿಗೆಗೆ ಕೊಟ್ಟು ಶ್ರೀನಿವಾಸಪುರದಲ್ಲಿ ಮನೆ ಮಾಡಿದ. ಶೆಡ್ಡಿನ ತಗಡು ಬಿಚ್ಚುವ ದಿನ ನಾನು ಸ್ಕೂಲಿನಲ್ಲಿದ್ದೆ. ಈಗ ಅಲ್ಲಿ ಹಸಿರು ಪರದೆಯ ಮನೆಯೊಳಗೆ ದಪ್ಪಮೆಣಸಿನಕಾಯಿ ಬೆಳೆ. ಒಳಗೆ ಯಾರು ಕೆಲಸ ಮಾಡುತ್ತಾರೆಂದು ರಸ್ತೆಗೆ ಕಾಣುವುದಿಲ್ಲ.

ಚಿಕ್ಕಪ್ಪ ಮಾಲೂರಿನಲ್ಲಿ ಗ್ರಾನೈಟ್ ಪಾಲಿಷ್ ಮಾಡುವ ಕಾರ್ಖಾನೆ ಸೇರಿದ. ಕಿವಿ ಕಳೆದ ಕಲ್ಲಿನ ಕೆಲಸಕ್ಕೇ ಮತ್ತೆ ಯಾಕೆ ಹೋದೆ ಎಂದು ಅಮ್ಮ ಅತ್ತಳು. ನಾನು ಮೊನ್ನೆ ಆ ಬಸ್ಸಿಳಿದು, ಕಾಲೇಜಿಗೆ ಹೋಗದೆ, ಮಾಲೂರಿನ ಬಸ್ಸು ಹಿಡಿದು ಅವನ ಹತ್ತಿರ ಹೋದೆ. ಹೋಗಿ ನೋಡಿದ ಮೇಲೆ ಯಾಕೆಂದು ತಿಳಿಯಿತು. ಒಳಗೆ ಯಂತ್ರಗಳ ಸದ್ದು ಎಷ್ಟಿತ್ತೆಂದರೆ ಗೇಟಿನಲ್ಲೇ ನನ್ನ ಹಲ್ಲು ನಡುಗಿದವು; ಅಲ್ಲಿ ಯಾರಿಗೂ ಯಾರ ಮಾತೂ ಕೇಳುವುದಿಲ್ಲ, ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಆ ಗದ್ದಲದಲ್ಲಿ ಚಿಕ್ಕಪ್ಪ ಎಲ್ಲರಂತೆ ಇದ್ದ. ಸನ್ನೆಯಲ್ಲೇ ಯಾರಿಗೋ ಏನೋ ತಮಾಷೆ ಹೇಳಿದ, ಆಚೆಯವನು ಹೊಟ್ಟೆ ಹಿಡಿದು ನಕ್ಕ. ನನ್ನನ್ನು ನೋಡಿ ಓಡಿಬಂದ. ಕೂದಲಿಗೆಲ್ಲ ಬಿಳಿ ಕಲ್ಲುಹಿಟ್ಟು. ನಿಜವಾಗಿ ಎಷ್ಟು ನೆರೆತಿದೆಯೋ ಗೊತ್ತಾಗಲಿಲ್ಲ. ಹೊರಗೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತೆವು. ಅಪ್ಪ, ಅಮ್ಮ, ನನ್ನ ಓದು ಎಲ್ಲ ಕೇಳಿದ. ನಾನು ಅವನ ಮುಖಕ್ಕೆ ನೇರವಾಗಿ ನಿಧಾನಕ್ಕೆ ಹೇಳಿದೆ, ಅವನು ನನ್ನ ತುಟಿ ನೋಡಿಕೊಂಡು ಅರ್ಧ ಹಿಡಿದ, ಅರ್ಧ ನಕ್ಕ. ಟೀ ಮುಗಿಯುವ ಹೊತ್ತಿಗೆ, ಲೋಟದ ತಳವನ್ನು ನೋಡುತ್ತ ಕೇಳಿದ.

“ಈಗ ಹೊಸದೇನ್ ಬಂದಿದೆ ಬುಜ್ಜಿ? ಹೆಂಗವೆ ಹಾಡು?”

ಆಮೇಲೆ ತಲೆಯೆತ್ತಿ ನನ್ನ ತುಟಿಯನ್ನೇ ನೋಡಿದ. ಕೈಯನ್ನಲ್ಲ.

“ಯಾವ್ದೂ ಚೆನ್ನಾಗಿಲ್ಲ ಚಿಕ್ಕಪ್ಪ,” ಎಂದೆ. “ಎಲ್ಲಾ ಒಂದೇ ಥರ. ಯಾರೂ ಕೇಳ್ತಾನೇ ಇಲ್ಲ.”

ಅವನು ಅದನ್ನು ಪೂರ್ತಿ ಹಿಡಿದ. ತಲೆಯಾಡಿಸಿ, “ಪಾಪ ಕಣೇ, ಕಿವಿ ಇರೋರಿಗೆ,” ಎಂದ. ಎದ್ದು ನನ್ನ ತಲೆಯ ಮೇಲೆ ಕೈಯಿಟ್ಟು, ಹಿಟ್ಟು ಹತ್ತಿತೆಂದು ತಾನೇ ಒರೆಸಿ, ಗೇಟಿನೊಳಗೆ ಹೋದ.

ವಾಪಸು ಬಸ್ಸಿಗಾಗಿ ನಾನು ತುಂಬ ಹೊತ್ತು ನಿಲ್ಲಬೇಕಾಯಿತು. ಅವತ್ತು ಬೆಳಗ್ಗೆ ಬಂದಿದ್ದ ಆಲ್ಬಂನಲ್ಲಿ ಒಂದು ಹಾಡಿದೆ. ಮಾಲೂರಿಗೆ ಬರುವ ದಾರಿಯುದ್ದಕ್ಕೂ ಅದನ್ನೇ ಮತ್ತೆ ಮತ್ತೆ ಕೇಳಿಕೊಂಡು ಬಂದಿದ್ದೆ. ಅದು ಹೇಗಿದೆಯೆಂದು ಒಬ್ಬರಿಗಾದರೂ ಹೇಳದಿದ್ದರೆ ತಡೆಯಲಾರೆ ಎನ್ನುವ ಹಾಗಿದೆ. ಹೇಳುವುದಿದ್ದದ್ದು ಒಬ್ಬನಿಗೆ.